ಹೆಣ್ಣುಮಕ್ಕಳು ದೂರು ಕೊಟ್ಟಿದ್ದಾರಂತೆ

ಇವತ್ತು ಮುಂಜಾನೆ ಡೇರಿಯ ಕಿಟಕಿಯಲ್ಲಿ ನನ್ನ ಮೊಮ್ಮಗಳು ನಿಂತಿದ್ದಳು. ನಾನು ಹಾಲಿನ ಕಿಟ್ಲಿಯನ್ನು ಅವಳ ಮುಂದಿಟ್ಟೆ. ಮುಚ್ಚಳ ತೆಗೆದು, ಹಾಲನ್ನು ಒಮ್ಮೆ ತಿರುವಿ ನೋಡಿ, ಸಾಲಿಗೆಲ್ಲ ಕೇಳುವಂತೆ ಅಂದಳು:

"ಆಯಿ, ಹಾಲು ತಿಳುವ ಕಾಣಸ್ತೈತಿ. ನೀರು ಎಮ್ಮಿಗೆ ಕುಡಿಸಿದಿಯೋ, ಕಿಟ್ಲಿಗೆ ಕುಡಿಸಿದಿಯೋ?"

ಹಿಂದೆ ನಿಂತ ಹೆಂಗಸರು ನಕ್ಕರು. ನಾನೂ ನಕ್ಕೆ. ಬೇರೆ ಯಾರಾದರೂ ನನ್ನ ಹಾಲಿಗೆ ಹಾಗಂದಿದ್ದರೆ ಕಿಟ್ಲಿ ಎತ್ತಿ ತಲೆಗೆ ಹೊಡೆಯುತ್ತಿದ್ದೆ. ಇವಳು ಅಂದದ್ದಕ್ಕೆ ಕಣ್ಣು ತುಂಬಿ ಬಂತು. ಆ ಕಿಟಕಿಯಲ್ಲಿ ಆ ಮುಖ ಕಂಡು ಎಷ್ಟೋ ತಿಂಗಳಾಗಿತ್ತು. ಮನೆಗೆ ಬಂದು ಎಮ್ಮೆಗೆ ಹೇಳಿದೆ. ಕಾಯಿಪಲ್ಲೆ ಮಾರುವಾಕೆಗೆ ಹೇಳಿದೆ, ಅವಳು ನಿನ್ನೆಯೇ ಕೇಳಿದ್ದಳು, ಆದರೂ ಮತ್ತೆ ಹೇಳಿದೆ. ಗೋದಿ ಹುಗ್ಗಿ ಮಾಡಿ ಬೆಲ್ಲ ಹೆಚ್ಚು ಸುರಿದೆ. ಸುಮ್ಮನೆ ಕೂರಲಾಗದೆ ಅಂಗಳವನ್ನು ಎರಡು ಸಲ ಸಾರಿಸಿದೆ.

ಹುಗ್ಗಿ ಉಣ್ಣಲು ಕೂತಾಗ ಸಿಟ್ಟು ಬಂತು. ಸಂತೋಷ ಬಂದರೆ ಸಿಟ್ಟು ಹೊರಟು ಹೋಗುತ್ತದೆ ಅಂತ ತಿಳಿದಿದ್ದೆ. ಹೋಗಿಲ್ಲ. ಅದಕ್ಕೇ ಬರೆಯಲು ಕೂತೆ. ನಾನು ಮೂರನೇ ಇಯತ್ತೆಯಲ್ಲಿ ಸಾಲೆ ಬಿಟ್ಟವಳು, ಅಕ್ಷರಗಳು ಕುಂಬಳಕಾಯಿಯಷ್ಟು ದಪ್ಪ ಬರುತ್ತವೆ. ತಪ್ಪು ತಿದ್ದಿಕೊಡು ಅಂತ ಮೊಮ್ಮಗಳಿಗೆ ಹೇಳಿದ್ದೇನೆ. ಅಕ್ಷರ ಮಾತ್ರ ತಿದ್ದು, ಸಿಟ್ಟು ಮುಟ್ಟಬೇಡ ಅಂತಲೂ ಹೇಳಿದ್ದೇನೆ.

ನಮ್ಮೂರು ಚಿಕ್ಕೋಡಿಗೂ ನಿಪ್ಪಾಣಿಗೂ ನಡುವೆ ಇದೆ. ಮನೆಯಲ್ಲಿ ಮರಾಠಿ ಆಡುವವರು ಸಂತೆಯಲ್ಲಿ ಕನ್ನಡ ಆಡುತ್ತಾರೆ, ಮನೆಯಲ್ಲಿ ಕನ್ನಡ ಆಡುವವರು ಸಂತೆಯಲ್ಲಿ ಮರಾಠಿ. ಎಮ್ಮೆಗಳಿಗೆ ಎರಡೂ ತಿಳಿಯುತ್ತವೆ. ನಮ್ಮ ಡೇರಿ ಹೆಣ್ಣುಮಕ್ಕಳ ಡೇರಿ. ಬೋರ್ಡಿನ ಮೇಲೆ ನೀಲಿ ಬಣ್ಣದಲ್ಲಿ ಹಾಗೆಯೇ ಬರೆದಿದೆ. ಸದಸ್ಯರೆಲ್ಲ ಹೆಣ್ಣುಮಕ್ಕಳು, ಕಮಿಟಿಯವರು ಹೆಣ್ಣುಮಕ್ಕಳು, ಅಧ್ಯಕ್ಷೆಯೂ ಹೆಣ್ಣುಮಗಳು. ಹೆಣ್ಣುಮಕ್ಕಳ ಸಂಘವಾದರೆ ಸರಕಾರದಿಂದ ಅನುಕೂಲ ಹೆಚ್ಚು ಅಂತ ಗಂಡಸರೇ ಓಡಾಡಿ ನಮ್ಮ ಹೆಸರು ಹಾಕಿಸಿದರು. ಎಮ್ಮೆಯ ಸಗಣಿ ಬಳಿಯುವವರು ನಾವು, ಹಿಂಡುವವರು ನಾವು, ಹಾಲು ಹೊತ್ತು ತರುವವರು ನಾವು. ವರ್ಷಕ್ಕೊಮ್ಮೆ ಸಭೆ ಆದಾಗ ಕುರ್ಚಿಯ ಮೇಲೆ ಕೂರುವವರು ಮಾತ್ರ ನಮ್ಮ ಗಂಡಂದಿರು. ಅಧ್ಯಕ್ಷೆಯ ಗಂಡನಿಗೆ ಊರೆಲ್ಲ ಚೇರಮನ್ರು ಅನ್ನುತ್ತದೆ. ನಿಜವಾದ ಅಧ್ಯಕ್ಷೆಗೆ ಚೇರಮನ್ನರ ಹೆಂಡತಿ ಅನ್ನುತ್ತದೆ. ನನ್ನ ಯಜಮಾನರು ಇದ್ದಾಗ ನನ್ನ ಹೆಸರಿನ ಸಭೆಗೆ ಅವರೇ ಹೋಗಿ, ಶೇವು ಚುರುಮರಿ ತಿಂದು ಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ನನ್ನ ಕಡೆಯಿಂದ ಯಾರೂ ಹೋಗಲಿಲ್ಲ. ನಾನೇ ಹೋಗಬಹುದು ಅಂತ ನನಗೂ ಹೊಳೆದಿರಲಿಲ್ಲ, ಯಾರೂ ಹೇಳಲೂ ಇಲ್ಲ.

ಮೊಮ್ಮಗಳು ನನ್ನ ಮಗನ ಮಗಳು. ಮಗ ಸೊಸೆ ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋದಾಗ ಇವಳನ್ನು ನನ್ನ ಹತ್ತಿರ ಬಿಟ್ಟರು. ನಿಪ್ಪಾಣಿಗೆ ಬಸ್ಸಿನಲ್ಲಿ ಹೋಗಿ ಕಾಲೇಜು ಕಲಿತಳು. ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ಬೆಳಿಗ್ಗೆ, ಸಂಜೆ, ಕಿಟಕಿಯಲ್ಲಿ ನಿಂತು ಪ್ರತಿಯೊಬ್ಬರ ಹಾಲು ಅಳೆದು, ಸ್ವಲ್ಪ ತೆಗೆದು ಮಷಿನ್ನಿಗೆ ಹಾಕಿ, ಫ್ಯಾಟ್ ಎಷ್ಟಿದೆ ಅಂತ ಕೂಗಿ ಹೇಳುವುದು. ಅವಳು ಬರುವ ಮೊದಲು ಅಲ್ಲಿ ಯಾರೂ ಕೂಗಿ ಹೇಳುತ್ತಿರಲಿಲ್ಲ. ಇವಳು ಹೇಳತೊಡಗಿದ ಮೇಲೆ ಸಾಲಿನಲ್ಲಿ ನಿಂತ ಹೆಂಗಸರಿಗೆ ಅದೊಂದು ಆಟವಾಯಿತು. ಯಾರ ಎಮ್ಮೆ ಇವತ್ತು ಮೇಲು, ಯಾರದು ಕೆಳಗೆ, ಯಾಕೆ ಇಳಿಯಿತು, ಹಿಂಡಿ ಬದಲಿಸಿದೆಯಾ ಅಂತ ಮಾತು.

ಒಂದು ಮಧ್ಯಾಹ್ನ ಇಬ್ಬರೂ ಶೇಂಗಾ ಸುಲಿಯುತ್ತ ಕೂತಿದ್ದೆವು.

"ಆಯಿ, ನನಗ ಗಂಡ ನೋಡೂದ ಬಿಡು" ಅಂದಳು.

"ಯಾಕ? ಯಾವನರ ಅದಾನೇನ?"

"ಯಾವನೂ ಇಲ್ಲ. ಒಬ್ಬಾಕಿ ಅದಾಳ."

"ಯಾರು, ಅತ್ತಿನ? ಮೊದಲ ಅತ್ತಿನ್ನ ನೋಡಿ ಇಟ್ಟಿಯೇನ?"

"ಅತ್ತಿ ಅಲ್ಲ ಆಯಿ. ಗಂಡಿನ ಜಾಗಾದಾಗ ಆಕೀನ ಅದಾಳ. ನಾ ಆಕಿ ಕೂಡ ಬಾಳೇವು ಮಾಡಾಕಿ."

ನಾನು ಬುಟ್ಟಿ ಮುಗಿಯುವವರೆಗೆ ಶೇಂಗಾ ಸುಲಿದೆ. ಅವಳೂ ಸುಲಿದಳು. ನನಗಾದದ್ದು ಹೆದರಿಕೆ. ದೇವರ ಹೆದರಿಕೆಯಲ್ಲ, ಊರಿನ ಹೆದರಿಕೆ. ಈ ಹುಡುಗಿಯನ್ನು ತೊಟ್ಟಿಲಲ್ಲಿ ತೂಗಿದವಳು ನಾನು. ಇವಳು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಆವತ್ತು ಕಿವಿ ನೋಡಿದೆ, ಎಂದಿನಂತೆಯೇ ಇತ್ತು. ಹೊಟ್ಟು ಕೊಡವಿ ಎದ್ದು ಕೇಳಿದೆ:

"ಆಕಿಗೆ ರೊಟ್ಟಿ ಬಡಿಯಾಕ ಬರತೈತೇನ?"

"ಇಲ್ಲ. ಚಪಾತಿ ಅಷ್ಟ."

"ಹಂಗಾದ್ರ ಕರಕೊಂಡ ಬಾ. ಕಲಸೋಣು."

ಆ ಹುಡುಗಿ ಚಿಕ್ಕೋಡಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಸ್ಕೂಟರ್ ಮೇಲೆ ಬಂದಳು, ನನ್ನ ಕಾಲಿಗೆ ಬಿದ್ದಳು, ನನ್ನ ಜಂಪರಿನ ತೋಳು ನೋಡಿ "ಇದನ್ನ ಯಾರ ಹೊಲದಾರ ಆಯಿ, ಅವರ ಮ್ಯಾಲ ಕೇಸ ಹಾಕೋಣು" ಅಂದಳು. ಅಲ್ಲಿಗೆ ನನಗೆ ಇಬ್ಬರು ಮೊಮ್ಮಕ್ಕಳಾದರು. ಮಗ ಸೊಸೆಗೆ ಇನ್ನೂ ಸಮಾಧಾನವಿಲ್ಲ, ಫೋನಿನಲ್ಲಿ ಎಮ್ಮೆಯ ಸುದ್ದಿ ಕೇಳಿ ಇಟ್ಟುಬಿಡುತ್ತಾರೆ. ಅದು ಬೇರೆ ಮಾತು, ಇನ್ನೊಂದು ದಿನ ಅದಕ್ಕೂ ಸಿಟ್ಟಾಗುತ್ತೇನೆ.

ಡೇರಿಯ ಮಾತಿಗೆ ಬರುತ್ತೇನೆ. ನಮ್ಮ ಕಡೆ ದೊಡ್ಡವರು ಅನ್ನಿಸಿಕೊಂಡವರಿಗೆ ಒಂದು ರೂಢಿ ಇದೆ. ತಮ್ಮ ಕೈಕೆಳಗೆ ಕೆಲಸ ಮಾಡುವ ಹುಡುಗಿಯರಿಗೆ ಸೋಯರಿಕೆ ತರುವುದು ತಮ್ಮ ಹಕ್ಕು ಅಂತ ತಿಳಿದಿರುತ್ತಾರೆ. ಚೇರಮನ್ನೂ ಹಾಗೆಯೇ ಒಂದು ದಿನ ಬಂದ. ನಮ್ಮ ಹೊರಸಿನ ಮೇಲೆ ಕೂತ, ಚಹಾ ತಗೊಂಡ. ರಾಯಬಾಗದಲ್ಲಿ ತನ್ನ ಸಂಬಂಧಿಕರ ಹುಡುಗ, ಹೊಲ ಮನೆ ಇದೆ, ಟ್ರ್ಯಾಕ್ಟರ್ ಇದೆ ಅಂದ. ಮೊಮ್ಮಗಳು ಬಾಗಿಲಲ್ಲಿ ನಿಂತು, "ಕಾಕಾ, ನಾ ಲಗ್ನ ಆಗಂಗಿಲ್ರಿ" ಅಂದಳು.

"ಹಂಗಂದ್ರ ಹೆಂಗ? ಅವರಿಗೆ ಏನಂತ ಹೇಳ್ಲಿ? ಕಾರಣ ಬೇಕಲ್ಲ."

"ಒಲ್ಲೆ ಅಂದಾಳಂತ ಹೇಳ್ರಿ."

"ಒಲ್ಲೆ ಅನ್ನೂದು ಕಾರಣ ಅಲ್ಲ. ಹುಡುಗ ಪಸಂದ ಇಲ್ಲೇನು? ಫೋಟೋನರ ನೋಡು."

ಹೀಗೆ ಕೆದಕಿ ಕೆದಕಿ ಕೇಳಿದ. ಅವಳು ಹೇಳಿಬಿಟ್ಟಳು. ನನಗೆ ಹೇಳಿದಷ್ಟೇ ನೆಟ್ಟಗೆ ಹೇಳಿದಳು. ಅವನು ಬಶಿಯಲ್ಲಿದ್ದ ಚಹಾ ಅರ್ಧ ಬಿಟ್ಟು ಎದ್ದ. ನಮ್ಮಲ್ಲಿ ಒಬ್ಬರ ಮನೆಯ ಚಹಾ ಅರ್ಧ ಬಿಟ್ಟು ಏಳುವುದಕ್ಕೆ ಏನರ್ಥ ಅಂತ ಅವನಿಗೂ ಗೊತ್ತು, ನನಗೂ ಗೊತ್ತು.

ಆ ವಾರವೇ ಮೊಮ್ಮಗಳನ್ನು ಕಿಟಕಿಯಿಂದ ತೆಗೆದು ಹಿಂದಿನ ಕೋಣೆಯಲ್ಲಿ ಕ್ಯಾನು ತೊಳೆಯಲು ಹಚ್ಚಿದರು. ಸೋಡಾದ ನೀರಿನಲ್ಲಿ ಅವಳ ಕೈ ಬಿರಿದವು. "ಕೆಲಸ ಕೆಲಸನ ಆಯಿ" ಅಂದಳು. ಸ್ವಲ್ಪ ದಿನಕ್ಕೆ ಕ್ಯಾನೂ ಬೇಡ, ವರ್ಷದ ಸಭೆ ಆಗುವವರೆಗೆ ಮನೆಯಲ್ಲಿರು, ಇಟ್ಟುಕೊಳ್ಳುವುದೋ ಬಿಡುವುದೋ ಸಭೆಯಲ್ಲಿ ತೀರ್ಮಾನ ಅಂದರು. ಮನೆಗೆ ಬಂದವಳು ಬಿರಿದ ಕೈಗೆ ಎಣ್ಣೆ ಹಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸಂಜೆ ಹಾಲಿನ ಹೊತ್ತಿಗೆ ರೂಢಿಯಂತೆ ಎದ್ದು ಚಪ್ಪಲಿ ಮೆಟ್ಟಿದಳು, ಹೊಸ್ತಿಲಲ್ಲಿ ನೆನಪಾಗಿ ಮತ್ತೆ ಬಿಟ್ಟಳು. ಅದನ್ನು ನೋಡಿದೆನಲ್ಲ, ಆವತ್ತಿನಿಂದ ನನ್ನ ಹೊಟ್ಟೆಯಲ್ಲಿ ಈ ಬೆಂಕಿ.

ಮರುದಿನ ಡೇರಿಗೆ ಹೋದೆ. ಚೇರಮನ್ ಫ್ಯಾನಿನ ಕೆಳಗೆ ಕೂತಿದ್ದ. ವರಸೆಯಲ್ಲಿ ನನಗೆ ಮೈದುನನ ಮಗನಾಗಬೇಕು, ಚಿಕ್ಕವನಿದ್ದಾಗ ನಮ್ಮ ಹಿತ್ತಲಿನ ಪೇರಲ ಕದ್ದು ತಿಂದವನು.

"ತಮ್ಮಾ, ನನ್ನ ಮೊಮ್ಮಗಳ ಕೈಯಾಗಿನ ಕೆಲಸ ಯಾಕ ಕಸಗೊಂಡಿ?"

"ನಾ ಏನ ಮಾಡ್ಲಿ ಕಾಕು. ಹೆಣ್ಣಮಕ್ಕಳು ದೂರ ಕೊಟ್ಟಾರ."

"ಯಾವ ಹೆಣ್ಣಮಕ್ಕಳು?"

"ಎಲ್ಲಾರೂ. ಹಾಲ ತರೂ ಹೆಣ್ಣಮಕ್ಕಳು. ಅಂಥಾಕಿ ಮುಂದ ನಿಲ್ಲಾಕ ಅವರಿಗೆ ಸಂಕೋಚ ಆಕ್ಕೈತಂತ."

"ಎಂಥಾಕಿ?"

"ನಿಮಗ ಗೊತ್ತೈತಿ ಬಿಡ್ರಿ."

"ನನಗ ಗೊತ್ತಿಲ್ಲ. ಹೇಳು, ತಿಳಕೋತೀನಿ."

ಅವನು ಮೇಲೆ ಫ್ಯಾನು ನೋಡಿದ. ಆಮೇಲೆ ದನಿ ಇಳಿಸಿ, "ಹಾಲು ದೇವರಿಗೂ ಹೋಗತೈತ್ರಿ ಕಾಕು. ಮಡಿ ಮೈಲಿಗಿ ನೋಡಬೇಕಲ್ಲ" ಅಂದ.

"ನೀ ತಂಬಾಕ ತಿಂದ ಉಗುಳಿ, ಅದ ಕೈಲೆ ಕ್ಯಾನ ಮುಚ್ಚತಿ. ಆವಾಗ ದೇವರು ನಿಪ್ಪಾಣಿ ಸಂತಿಗೆ ಹೋಗಿರತಾನೇನು?"

ಅಲ್ಲಿದ್ದ ಗಂಡಸರು ನಕ್ಕರು. ಅವನ ಮುಖ ಕಪ್ಪಿಟ್ಟಿತು. "ಸಭಾದಾಗ ಮಾತಾಡೋಣು, ನೀವು ಮನಿಗೆ ನಡೀರಿ" ಅಂದ. ಮನೆಗೆ ನಡೆದೆ. ನಡೆಯುತ್ತ ಅವನ ಮಾತನ್ನೇ ಮೆಲುಕು ಹಾಕುತ್ತಿದ್ದೆ. ಎಲ್ಲರೂ ದೂರು ಕೊಟ್ಟಿದ್ದಾರಂತೆ. ಹಾಲು ತರುವ ಹೆಣ್ಣುಮಕ್ಕಳೆಲ್ಲ. ಬಾವಿಯ ಹತ್ತಿರ ಬಂದಾಗ ಕಾಲು ನಿಂತವು. ಹಾಲು ತರುವ ಹೆಣ್ಣುಮಕ್ಕಳಲ್ಲಿ ನಾನೂ ಒಬ್ಬಳಲ್ಲವೇ? ಆ ಸಾಲಿನಲ್ಲಿ ದಿನಾಲೂ ಎರಡು ಹೊತ್ತು ನಿಂತವಳು ನಾನು. ನಾನು ಯಾವಾಗ ದೂರು ಕೊಟ್ಟೆ?

ನಮ್ಮ ಹೆಸರಿನಲ್ಲಿ ಕುರ್ಚಿ ಏರಿದರು, ಸುಮ್ಮನಿದ್ದೆವು. ನಮ್ಮ ಹೆಸರಿನಲ್ಲಿ ಸಭೆ ನಡೆಸಿದರು, ಸುಮ್ಮನಿದ್ದೆವು. ಆ ರೂಢಿ ಅವರಿಗೆ ಎಷ್ಟು ಮೈಗೂಡಿತ್ತೆಂದರೆ, ನಮ್ಮ ಹೆಸರಿನಲ್ಲಿ ಒಂದು ಹುಡುಗಿಯ ಮೇಲೆ ದೂರನ್ನೂ ತಾವೇ ಹೊಲಿದುಬಿಟ್ಟರು. ಹೆಣ್ಣುಮಕ್ಕಳ ಡೇರಿಯಲ್ಲಿ ಹೆಣ್ಣುಮಕ್ಕಳು ಇದ್ದಾರೆ, ಅವರನ್ನು ಯಾರಾದರೂ ಕೇಳಿಯಾರು ಅನ್ನುವುದೇ ಅವರಿಗೆ ಮರೆತುಹೋಗಿತ್ತು.

ಕೇಳುವ ಮೊದಲು ಮೊಮ್ಮಗಳನ್ನು ಕೇಳಿದೆ. ಮಾತು ಅವಳದು, ಊರ ಮುಂದೆ ಇಡಬೇಕಾದರೆ ಅವಳ ಒಪ್ಪಿಗೆ ಬೇಕು.

"ನಾ ಓಣಿ ಓಣಿ ತಿರಗಿ ಕೇಳ್ಲೇನ? ಸಭಾದಾಗ ಮಾತಾಡ್ಲೇನ?"

ಎಣ್ಣೆಯ ಬಟ್ಟಲು ಬದಿಗಿಟ್ಟಳು. "ಮಾತಾಡು ಆಯಿ. ಆದ್ರ ನನಗ ಪಾಪ ಅನಬ್ಯಾಡ. ಪಾಪದ ಹುಡುಗಿ ಐತಿ, ಹೊಟ್ಟಿಗಿಲ್ಲ, ಇಟಗೋರಿ ಅಂತ ಕೈ ಮುಗೀಬ್ಯಾಡ. ಹಂಗ ಅಂದ್ರ ನಾ ಆ ಕೆಲಸಕ್ಕ ಹೋಗಂಗಿಲ್ಲ."

"ನಾ ಯಾರಿಗೆ ಕೈ ಮುಗದೀನಿ ಇಲ್ಲೀತನಕ?"

"ಎಮ್ಮಿ ಡಾಕ್ಟರಿಗೆ ಮುಗೀತಿ" ಅಂದಳು. ಅಷ್ಟು ದಿನದ ಮೇಲೆ ಮೊದಲ ಸಲ ನಕ್ಕಳು.

ಹೆಂಗಸರನ್ನು ಹಿಡಿಯಬೇಕಾದರೆ ಹಿಂಡುವ ಹೊತ್ತಿಗೆ ಹೋಗಬೇಕು. ಎಮ್ಮೆ ತೊರೆ ಬಿಟ್ಟು ಹಾಲು ಇಳಿಸಿದ ಮೇಲೆ ಎದ್ದು ಹೋಗಲು ಬರುವುದಿಲ್ಲ, ಕೇಳಿದ್ದಕ್ಕೆ ಕೂತಲ್ಲಿಂದಲೇ ಉತ್ತರ ಹೇಳಬೇಕು. ದಿನಕ್ಕೊಂದಿಷ್ಟು ಕೊಟ್ಟಿಗೆ ಸುತ್ತಿದೆ. ಎಲ್ಲ ಕಡೆ ಒಂದೇ ಮಾತು ಕೇಳಿದೆ: ನೀನು ದೂರು ಕೊಟ್ಟೆಯಾ?

ನಮ್ಮ ಓಣಿಯಲ್ಲಿ ಜೈನರ ಮನೆಯ ವೈನಿ ಇದ್ದಾರೆ, ದಿನ ತಪ್ಪದೆ ಬಸದಿಗೆ ಹೋಗುವವರು. ದೇವರ ಹಾಲಿನ ಮಾತನ್ನು ಅವರಿಗೆ ಹೇಳಿದೆ. ಕೈ ನಿಲ್ಲಿಸದೆ ಅಂದರು: "ಅಭಿಷೇಕಕ್ಕ ಹಾಲ ಕಳಸೂದು ನಮ್ಮ ಮನಿ. ಅದರ ಚಿಂತಿ ನಮಗ ಇಲ್ಲ, ಅವಗ ಯಾಕ? ನಾ ಏನೂ ದೂರ ಕೊಟ್ಟಿಲ್ಲ. ಸಭಾ ಯಾವತ್ತೈತಿ ಹೇಳ್ರಿ, ಹೊತ್ತ ಮುಳಗೂದ್ರಾಗ ಊಟಕ್ಕ ಬರುವಂಗಿದ್ರ ನಾನೂ ಬರತೀನಿ."

ಗುಡಿಯ ಹಿಂದಿನ ಮನೆಯಾಕೆ ಬೇರೆ ಮಾತು ಹೇಳಿದಳು. ಅವಳು ನನ್ನ ಕೂಡ ಬೀಡಿ ಕಟ್ಟಿದವಳು, ಮನಸ್ಸಿನಲ್ಲಿ ಒಂದು ಹೊರಗೊಂದು ಇಲ್ಲದವಳು. "ಸುಳ್ಳ ಯಾಕ ಹೇಳ್ಲಿ, ನನಗ ಅದು ಸರಿ ಅನಸಂಗಿಲ್ಲ. ಹೆಣ್ಣ ಹೆಣ್ಣ ಹೆಂಗ ಬಾಳೇವು ಮಾಡೂದು? ನೀ ಒಪಗೊಂಡಿ, ನಾ ಒಪ್ಪಂಗಿಲ್ಲ" ಅಂದಳು.

"ಒಪ್ಪಬ್ಯಾಡ. ದೂರ ಕೊಟ್ಟಿಯೇನ?"

"ಯಾರಿಗೆ ಕೊಡ್ಲಿ? ನನ್ನ ಯಾರ ಕೇಳ್ಯಾರ? ನಾ ಕೊಟ್ಟಿಲ್ಲ."

"ಹಂಗಾದ್ರ ಅಷ್ಟ ಬಂದ ಹೇಳು."

ಅವಳು ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ ಸ್ವಲ್ಪ ಹೊತ್ತು ಹಿಂಡಿದಳು. "ನೋಡೋಣು" ಅಂದಳು.

ಕಡೆಗೆ ನಿಜವಾದ ಅಧ್ಯಕ್ಷೆಯ ಕೊಟ್ಟಿಗೆಗೂ ಹೋದೆ. ಗಂಡ ಅಂಗಳದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ಆಕೆ ನನ್ನ ಮಾತು ಕೇಳಿ ಬಾಗಿಲ ಕಡೆ ನೋಡಿದಳು, ಇಲ್ಲ ಅಂತ ತಲೆ ಅಲ್ಲಾಡಿಸಿದಳು, ಬಾಯಿ ತೆರೆಯಲಿಲ್ಲ. ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ. ಒಬ್ಬರೇ ಒಬ್ಬರು ದೂರು ಕೊಟ್ಟವರು ಊರಿನಲ್ಲಿ ಸಿಗಲಿಲ್ಲ.

ಅಷ್ಟರಲ್ಲಿ ಚಿಕ್ಕೋಡಿಯ ಹುಡುಗಿ ಎರಡು ಸುದ್ದಿ ಹೇಳಿದಳು. ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಕಾರಖಾನೆಯಲ್ಲಿ ಒಬ್ಬ ಹುಡುಗ ಇದ್ದನಂತೆ, ಕೈ ಬಹಳ ಚೊಕ್ಕ. ಅವನಿಗೊಬ್ಬ ಗೆಳೆಯನಿದ್ದಾನೆ ಅಂತ ತಿಳಿದ ಮೇಲೆ ಅವನ ಪಕ್ಕದಲ್ಲಿ ಕೂರಲು ಎಲ್ಲರೂ ಒಲ್ಲೆ ಅಂದರಂತೆ. ಈಗ ಮೀರಜಿನಲ್ಲಿ ಹೋಟೆಲಿನ ಕಪ್ಪು ಬಶಿ ತೊಳೆಯುತ್ತಾನೆ. ಕಾಗವಾಡದ ಕಡೆ ಒಬ್ಬ ಹೆಂಗಸು, ಸಾಲೆಯ ಶಿಕ್ಷಕಿ, ಅವಳೂ ಹೆಣ್ಣನ್ನೇ ಮೆಚ್ಚಿದವಳು. ಕೆಲಸ ಹೋದೀತು ಅಂತ ಇಲ್ಲದ ಗಂಡನನ್ನು ಹುಟ್ಟಿಸಿಕೊಂಡಿದ್ದಾಳೆ, ಮಿಲಿಟರಿಯಲ್ಲಿದ್ದಾನೆ ಅಂತ ಹೇಳುತ್ತಾಳೆ, ಹಬ್ಬಕ್ಕೆ ರಜೆ ಸಿಗಲಿಲ್ಲ ಅಂತ ವರ್ಷಾವರ್ಷ ಅವಳೇ ಸುಳ್ಳು ಕಟ್ಟಬೇಕು. ದೊಡ್ಡ ಕೋರ್ಟು ಇದು ಅಪರಾಧವಲ್ಲ ಅಂದು ಎಷ್ಟೋ ಕಾಲವಾಯಿತಂತೆ. ಕೋರ್ಟು ಅಂದದ್ದು ನಮ್ಮ ಡೇರಿಯ ಕಿಟಕಿಯವರೆಗೆ ಯಾಕೆ ಬರಲಿಲ್ಲ? ಆ ಇಬ್ಬರಿಗೂ ಬಾಯಿ ಜೋರಿರುವ ಆಯಿ ಇಲ್ಲದಿದ್ದರೆ ಅವರ ಗತಿ ಇಷ್ಟೇ ಏನು? ಒಬ್ಬರ ಅನ್ನ ಉಳಿಯಬೇಕಾದರೆ ಅವರ ಮನೆಯಲ್ಲಿ ಒಬ್ಬ ಜಗಳಗಂಟಿ ಮುದುಕಿ ಇರಲೇಬೇಕೇ? ಇದನ್ನು ನೆನೆದಾಗ ನನಗೆ ಹುಗ್ಗಿ ಇಳಿಯುವುದಿಲ್ಲ.

ಸಭೆ ಸಾಲೆಯ ದೊಡ್ಡ ಕೋಣೆಯಲ್ಲಿತ್ತು, ನಿನ್ನೆ ಮಧ್ಯಾಹ್ನ. ತಾಲೂಕಿನಿಂದ ಒಬ್ಬ ಸಾಹೇಬರು ಬಂದಿದ್ದರು, ಎಳೆ ವಯಸ್ಸಿನವರು. ಗಂಡಸರು ಕುರ್ಚಿ ತುಂಬಿ ಕೂತಿದ್ದರು. ನಾವು ಹೆಂಗಸರು ಸೆರಗು ಹೊದ್ದು ಬಾಗಿಲಿಗೆ ಬಂದು ನಿಂತೆವು. ಒಬ್ಬ ಅಂದ, "ಬರ್ರಿ ಬರ್ರಿ, ಚಹಾ ಮಾಡವರ ಇರಲಿಲ್ಲ."

"ಚಹಾ ನೀ ಮಾಡು" ಅಂದೆ. "ನಾವು ಸಭಾಕ್ಕ ಬಂದೇವಿ. ಸದಸ್ಯರು ನಾವು. ಕುರ್ಚಿ ಬಿಡ್ರಿ."

ನಗೆ ಎದ್ದಿತು. ನಾನು ಸಾಹೇಬರ ಕಡೆ ತಿರುಗಿ, "ಯಪ್ಪಾ, ನೀವು ಕಲತವರು, ಹೇಳ್ರಿ. ಈ ಡೇರಿ ಸಭಾದಾಗ ಯಾರ ಕೂಡಬೇಕು, ಯಾರ ಕೈ ಎತ್ತಬೇಕು?" ಅಂದೆ. ಅವರು ಚೇರಮನ್ನನ ಮುಖ ನೋಡಿದರು, ನನ್ನ ಮುಖ ನೋಡಿದರು, ಕೆಮ್ಮಿದರು. "ನಿಯಮದಂತೆ ಸದಸ್ಯರೇ ಕೂರಬೇಕು. ಮತವೂ ಅವರದೇ" ಅಂದರು. ಇಷ್ಟು ವರ್ಷ ಈ ಮಾತು ಅವರ ಬಾಯಲ್ಲೇ ಇತ್ತು, ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಗಂಡಸರು ಎದ್ದರು. ಕೆಲವರು ಕುರ್ಚಿಯನ್ನು ಬೇಕಂತಲೇ ಕರಕರ ಎಳೆದರು. ಹೊರಗೆ ಹೋಗಿ ಕಿಟಕಿಗಳಲ್ಲಿ ತಲೆ ತೂರಿಸಿದರು. ಚೇರಮನ್ ಮಾತ್ರ ಏಳಲಿಲ್ಲ. "ಲೆಕ್ಕಪತ್ರ ಹೇಳಾಕ ನಾ ಬೇಕಾಗತೀನಿ" ಅಂತ ಕೂತ. ಅವನ ಹೆಂಡತಿ ಎಲ್ಲರಿಗಿಂತ ಹಿಂದೆ, ಗೋಡೆಗೆ ಆತು ನಿಂತಿದ್ದಳು.

ಅವನೇ ಮಾತು ತೆಗೆದ. ಹಾಲು ಪರೀಕ್ಷೆಯ ಹುಡುಗಿಯ ನಡತೆಯ ಮೇಲೆ ಹೆಣ್ಣುಮಕ್ಕಳಿಂದ ದೂರು ಬಂದಿದೆ, ಅವಳನ್ನು ಬಿಡಿಸುವುದು ಸಂಘದ ಮರ್ಯಾದೆಗೆ ಒಳ್ಳೆಯದು ಅಂದ. ನಾನು ಎದ್ದು ನಿಂತೆ.

"ದೂರ ಕೊಟ್ಟಾಕಿ ಹೆಸರ ಹೇಳು."

"ಹೆಸರ ಹೇಳಾಕ ಬರಂಗಿಲ್ಲ ಕಾಕು."

"ಬ್ಯಾಡ. ಕೊಟ್ಟವರು ಎಲ್ಲಾ ಇಲ್ಲೇ ಅದಾರ. ಅವರ ಕೈ ಎತ್ತಲಿ."

ಒಂದು ಕೈಯೂ ಏಳಲಿಲ್ಲ. ಕಿಟಕಿಯಿಂದ ಯಾರೋ "ಅಂಜತಾರ" ಅಂದರು. ಆಗ ಗುಡಿಯ ಹಿಂದಿನ ಮನೆಯಾಕೆ ಎದ್ದಳು.

"ನಾ ಯಾರಿಗೂ ಅಂಜಾಕಿ ಅಲ್ಲ. ಆ ಹುಡುಗಿ ನಡತಿ ನನಗ ಸೇರಂಗಿಲ್ಲ. ಸೇರಂಗಿಲ್ಲಂತ ಆಕಿ ಆಯಿ ಮುಂದನ ಹೇಳೇನಿ. ಆದ್ರ ನಾ ದೂರ ಕೊಟ್ಟಿಲ್ಲ. ಹಾಲ ಅಳಿಯೂ ಕೈ ಅಳತಿ ತಪ್ಪಬಾರದು, ಅಷ್ಟ ನನಗ ಬೇಕಾಗಿದ್ದು. ಆಕಿ ತಪ್ಪಿಲ್ಲ. ನನ್ನ ಹೆಸರಲೆ ಸುಳ್ಳ ಹೇಳಿದವರು ಯಾರು?"

ಚೇರಮನ್ ಏನೋ ಅನ್ನಲು ಹೋದ. ನಾನು ಬಿಡಲಿಲ್ಲ. ಅಂದದ್ದೆಲ್ಲ ನೆನಪಿಲ್ಲ, ಇಷ್ಟು ನೆನಪಿದೆ:

"ನನ್ನ ಮೊಮ್ಮಗಳು ಹೆಣ್ಣಿನ್ನ ಮೆಚ್ಯಾಳ. ಅಂಥಾಕಿ ಇಂಥಾಕಿ ಅಂತ ಬಾಯಾಗ ಬೆಲ್ಲ ಇಟಗೊಂಡಂಗ ಮಾತಾಡಬ್ಯಾಡ್ರಿ, ನಾನ ಬಿಚ್ಚಿ ಹೇಳೇನಿ. ಆಕಿ ನಿಮಗ ಪಾಪ ಅನ್ರಿ ಅಂದಿಲ್ಲ, ದಯಾ ಮಾಡ್ರಿ ಅಂದಿಲ್ಲ. ಲಗ್ನದ ಮಾತ ಆಕಿ ತಗದಿಲ್ಲ, ನೀನ ನಮ್ಮ ಮನಿಗೆ ಬಂದ ಕೆದಕಿ ಕೇಳಿದಿ. ಖರೇ ಹೇಳಿದ್ದಕ್ಕ ಅನ್ನ ಕಸಗೊಂಡಿ. ರಾಯಬಾಗದ ಹುಡುಗನ್ನ ಹೂಂ ಅಂದಿದ್ರ ಕಿಟಕ್ಯಾಗ ಇರತಿದ್ಳು, ಹೌದಲ್ಲೋ? ಹಂಗಾದ್ರ ಹಾಲಿಗೆ ಆಗಿದ್ದೇನು? ದೇವರಿಗೆ ಆಗಿದ್ದೇನು? ಆಗಿದ್ದು ನಿನಗ. ನಿನ್ನ ಮಾತ ನಡೀಲಿಲ್ಲ. ಅದಕ್ಕ ನಮ್ಮ ಸೆರಗಿನ ಹಿಂದ ಅಡಗಿ ಕಲ್ಲ ಒಗದಿ."

ಆಗ ಗೋಡೆಯ ಹತ್ತಿರದಿಂದ ದನಿ ಬಂತು. ಆ ಹೆಣ್ಣುಮಗಳ ದನಿಯನ್ನು ನಾಲ್ಕು ಜನರ ನಡುವೆ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ನಾನೂ ದೂರ ಕೊಟ್ಟಿಲ್ರಿ" ಅಂದಳು ಅಧ್ಯಕ್ಷೆ. "ಬಂದೈತಂತ ನಮ್ಮನಿಯವರು ಹೇಳಿದ್ರು. ಬಂದಿದ್ರ ನನ್ನ ಕಡೆ ಬರಬೇಕಾಗಿತ್ತಲ್ರಿ? ನನ್ನ ಕಡೆ ಯಾರೂ ಬಂದಿಲ್ಲ."

ಸಾಹೇಬರು ಎದ್ದು ತಮ್ಮ ಪಕ್ಕದ ಕುರ್ಚಿ ತೋರಿಸಿ, "ಅಧ್ಯಕ್ಷರೇ, ಇಲ್ಲಿ ಬನ್ನಿ" ಅಂದರು. ಅದರಲ್ಲಿ ಅವಳ ಗಂಡ ಕೂತಿದ್ದ. ಅವನು ಎದ್ದ. ಅವಳು ಕುರ್ಚಿಯ ತುದಿಯಲ್ಲಿ ಕೂತಳು, ಆಮೇಲೆ ಹಿಂದೆ ಸರಿದು ಪೂರ್ತಿ ಕೂತಳು. ಹುಡುಗಿಯನ್ನು ಅದೇ ಕೆಲಸಕ್ಕೆ, ಅದೇ ಕಿಟಕಿಗೆ ಕರೆಯಬೇಕು ಅನ್ನುವವರು ಕೈ ಎತ್ತಿ ಅಂದಳು. ಕೈಗಳು ಎದ್ದವು. ಎಲ್ಲವೂ ಅಲ್ಲ. ಕೆಲವರು ಮಡಿಲಲ್ಲೇ ಕೈ ಇಟ್ಟುಕೊಂಡು ಕಿಟಕಿಯಲ್ಲಿದ್ದ ಗಂಡಂದಿರ ಕಡೆ ನೋಡಿದರು. ಬೇಕಾದಷ್ಟಕ್ಕಿಂತ ಹೆಚ್ಚೇ ಎದ್ದವು. ಗುಡಿಯ ಹಿಂದಿನ ಮನೆಯಾಕೆಯ ಕೈ ಎಲ್ಲಕ್ಕಿಂತ ಮೇಲಿತ್ತು, ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು.

ಮನೆಗೆ ಬಂದು ಹೇಳಿದೆ. ಮೊಮ್ಮಗಳು, "ಪಾಪ ಅಂದಿಯೇನ?" ಅಂತ ಮೊದಲು ಕೇಳಿದಳು. ಇಲ್ಲ ಅಂದೆ. ಆಮೇಲೆ ನನ್ನನ್ನು ಅಪ್ಪಿಕೊಂಡು ಅತ್ತಳು. ನಾನೂ ಅತ್ತೆ. ಚಿಕ್ಕೋಡಿಯ ಹುಡುಗಿ ಸಂಜೆಗೆ ಪೇಢೆ ತಂದಳು, ರೊಟ್ಟಿ ನಾನೇ ಬಡಿಯುತ್ತೇನೆ ಅಂತ ಕೂತಳು. ಅವಳ ರೊಟ್ಟಿ ಇನ್ನೂ ಗುಂಡಗೆ ಬರುವುದಿಲ್ಲ, ಒಂದು ಕಡೆ ಬಾಲ ಇರುತ್ತದೆ. ನಿನ್ನೆ ಅಂಥ ರೊಟ್ಟಿಯನ್ನು ಮೂರು ಉಂಡೆ. ಇಷ್ಟು ಸುಖ ನನಗೆ ಮಗ ಹುಟ್ಟಿದಾಗಲೂ ಆಗಿರಲಿಲ್ಲ. ಮಗ ಓದಿದರೆ ಓದಲಿ.

ಆದರೂ ಸಿಟ್ಟು ಹೋಗಿಲ್ಲ ಅಂದೆನಲ್ಲ. ಹುಡುಗಿಗೆ ಕಿಟಕಿ ಸಿಕ್ಕಿತು, ಮಾತು ಸಿಕ್ಕಿಲ್ಲ. ತಪ್ಪಾಯಿತು ಅಂತ ಒಬ್ಬನೂ ಅಂದಿಲ್ಲ. ಎಲ್ಲ ಮುಗಿಯಿತಲ್ಲ, ಇನ್ನೇನು ಅನ್ನುತ್ತಾರೆ. ಅವಳ ಜೀವನವನ್ನು ಕಿಟಕಿಗಳಲ್ಲಿ ತಲೆ ತೂರಿಸಿದ ಗಂಡಸರ ಮುಂದೆ ನಾನು ಬಿಚ್ಚಿಡಬೇಕಾಯಿತು. ಟ್ರ್ಯಾಕ್ಟರಿನ ಹುಡುಗನನ್ನು ಮದುವೆಯಾದವಳು ಕೆಲಸ ಉಳಿಸಿಕೊಳ್ಳಲು ಹಾಗೆ ಯಾರ ಮುಂದೂ ನಿಲ್ಲಬೇಕಾಗಿಲ್ಲ.

ಇವತ್ತು ಮುಂಜಾನೆ ಸಾಲಿನಲ್ಲಿ ನನ್ನ ಹಿಂದೆ ಚೇರಮನ್ ನಿಂತಿದ್ದ. ಹೆಂಡತಿ ಡೇರಿಯ ಕೆಲಸಕ್ಕೆ ಚಿಕ್ಕೋಡಿಗೆ ಹೋಗಿದ್ದಾಳೆ, ಹಾಲು ಅವನೇ ತಂದಿದ್ದ. ನನ್ನ ಮೊಮ್ಮಗಳು ಅವನ ಹಾಲು ಅಳೆದಳು, ಮಷಿನ್ನಿಗೆ ಹಾಕಿದಳು, ಎಲ್ಲರಿಗೂ ಹೇಳುವ ದನಿಯಲ್ಲೇ ಫ್ಯಾಟ್ ಹೇಳಿದಳು, "ಚಲೋ ಐತ್ರಿ ಕಾಕಾ" ಅಂದಳು. ಅವನು ಅವಳ ಮುಖ ನೋಡದೆ ಕಿಟ್ಲಿ ಎತ್ತಿದ. ನಾನು ಬಾಗಿಲಲ್ಲಿ ಅಡ್ಡ ನಿಂತೆ.

"ತಮ್ಮಾ, ಹಾಲ ಕೊಟ್ಟಿ. ಇನ್ನೊಂದ ಕೊಡೂದ ಉಳದೈತಿ."

"ಏನ್ರಿ ಕಾಕು?"

"ತಪ್ಪಾತು ಅನ್ನೂ ಮಾತು. ನನಗ ಅಲ್ಲ, ಆಕಿಗೆ. ದೂರ ಬಂದೈತಂತ ಯಾವ ಬಾಯಿಲೆ ಹೇಳಿದಿ, ಅದ ಬಾಯಿಲೆ."

"ಹೊತ್ತಾಗೈತ್ರಿ, ನಾಳಿ ನೋಡೋಣು."

"ನೋಡೋಣು. ನಾ ನಾಳಿನೂ ಹಾಲ ತರತೀನಿ" ಅಂದೆ. ಒಳಗಿನಿಂದ ಮೊಮ್ಮಗಳು ಕೂಗಿದಳು, "ಆಯಿ, ಬಾಗಲ ಬಿಡು, ಸಾಲ ನಿಂತೈತಿ." ದಾರಿ ಬಿಟ್ಟೆ.

ಸಂಜೆಯ ಹಾಲಿನ ಹೊತ್ತಾಯಿತು. ಎಮ್ಮೆ ಕೂಗುತ್ತಿದೆ. ಸಂಜೆಯೂ ಅವನೇ ಬರಬೇಕು, ಹೆಂಡತಿ ಬರುವ ಚಿಕ್ಕೋಡಿಯ ಬಸ್ಸು ಅಷ್ಟು ಬೇಗ ಬರುವುದಿಲ್ಲ. ಬೇಗ ಹಿಂಡಿಕೊಂಡು ಹೋಗಿ, ಅವನಿಗಿಂತ ಮೊದಲೇ ಬಾಗಿಲಲ್ಲಿ ನಿಲ್ಲುತ್ತೇನೆ.